ಫೇಸ್‌ಲಿಫ್ಟ್: ಯಾರಿಗೆ ಯಾವ ವಿಧಾನ, ಯಾಕೆ

ಕಲಬುರಗಿಯಲ್ಲಿ, ಜೋತುಬಿದ್ದ ಮುಖ ಎತ್ತುವ ಆಪರೇಷನ್ ಆದ ಫೇಸ್‌ಲಿಫ್ಟ್ ಕೇಳಿಕೊಂಡು ಬರುವವರ ಮೊದಲ ಮಾತು ಸಾಮಾನ್ಯವಾಗಿ ಇದೇ: "ಕೊಯ್ಯೂದ್ ಬ್ಯಾಡ್ರಿ ಸರ, ದಾರ ಹಾಕಿ ಎಳದ್ ಬಿಡ್ರಿ." ಚರ್ಮದಡಿ ತೂರಿಸುವ ಈ ಪಿಡಿಒ ದಾರ ಆರೇಳು ತಿಂಗಳಲ್ಲಿ ಕರಗುತ್ತದೆ. ಎತ್ತಿದ್ದು ವರ್ಷದೊಳಗೆ ಬಹುಪಾಲು ಇಳಿಯುತ್ತದೆ. ನಲವತ್ತರ ಆಸುಪಾಸಿನವರಿಗೆ, ಚರ್ಮ ಇನ್ನೂ ಜೋತುಬೀಳದಿದ್ದರೆ, ಅದು ನಡೆದೀತು. ದವಡೆಯಂಚಿಗೆ ಇಳಿದ ಕೆನ್ನೆಗೂ ಸಡಿಲಾದ ಕತ್ತಿಗೂ ದಾರ ಹಾಕಿದರೆ ದುಡ್ಡು ದಂಡ.

ನಾನು ಮುಖಕ್ಕಿಂತ ಮೊದಲು ಬಾಯಿ ಮತ್ತು ಕಿವಿ ನೋಡುತ್ತೇನೆ. ಗುಟ್ಕಾ ತಿನ್ನುವವರ ಬಾಯಿ ಎರಡು ಬೆರಳಿನಷ್ಟೂ ತೆರೆಯದಿದ್ದರೆ ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಬೇಕು, ಶ್ವಾಸನಾಳಕ್ಕೆ ಟ್ಯೂಬ್ ಹಾಕುವುದು ಅವರಿಗೆ ಕಷ್ಟ. "ತಂಬಾಕು ತಿಂತೀರೇನು?" ಎಂದರೆ ಹೆಣ್ಣುಮಕ್ಕಳು "ಇಲ್ರೀ" ಅನ್ನುತ್ತಾರೆ. "ಮಿಶ್ರಿ ಹಚ್ಚತೀರೇನು?" ಎಂದು, ಹಲ್ಲಿಗೆ ಉಜ್ಜುವ ಹುರಿದ ತಂಬಾಕಿನ ಪುಡಿಯ ಬಗ್ಗೆ, ಬೇರೆಯಾಗಿ ಕೇಳಿದರಷ್ಟೇ ನಿಜ ಹೊರಬರುತ್ತದೆ. ಬೀಡಿಯಾಗಲಿ, ಮಿಶ್ರಿಯಾಗಲಿ, ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಆಗ ಕಿವಿಯ ಹಿಂದಿನ ಚರ್ಮ ಮೊದಲು ಕಪ್ಪಾಗಿ ಸಾಯುತ್ತದೆ. ಆಪರೇಷನ್‌ಗೆ ನಾಲ್ಕು ವಾರ ಮುಂಚೆಯೇ ನಿಲ್ಲಿಸಬೇಕು, ಗಾಯ ಮಾಯುವವರೆಗೂ ಮುಟ್ಟಬಾರದು. ಕಿವಿ ಚುಚ್ಚಿದ ಜಾಗದಲ್ಲಿ, ಅದರಲ್ಲೂ ಬುಗುಡಿ ಹಾಕುವ ಮೇಲಂಚಿನಲ್ಲಿ, ಗಂಟುಗಟ್ಟಿದ್ದರೆ ಅದು ಕೆಲಾಯ್ಡ್, ಅಂದರೆ ಗಾಯದ ಕಲೆ ಉಬ್ಬಿ ಬೆಳೆಯುವ ಗುಣ. ಅಂಥವರಿಗೆ ಬೇಡ ಅಂತಲೇ ಹೇಳುತ್ತೇನೆ. ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಿಂದ ತಂದು ನುಂಗುವ ಗುಳಿಗೆಗಳ ಲೆಕ್ಕವನ್ನೂ ಕೇಳಬೇಕು, ಅವು ರಕ್ತಸ್ರಾವ ಹೆಚ್ಚಿಸುತ್ತವೆ. ಹೃದಯಕ್ಕೆಂದು ಬರೆದುಕೊಟ್ಟ ಆಸ್ಪಿರಿನ್ ಮಾತ್ರ ಆ ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಇನ್ನು ವಿಧಾನಗಳು. ಚರ್ಮ, ಕೊಬ್ಬು, ಅದರಡಿಯಲ್ಲಿ ಮುಖದ ಸ್ನಾಯುಗಳನ್ನು ಹೊದ್ದ ಸ್ಮಾಸ್ ಎಂಬ ಗಟ್ಟಿ ಪದರ. 1976ರಲ್ಲಿ ಮಿಟ್ಸ್ ಮತ್ತು ಪೆಯ್ರೋನಿ ಅದನ್ನು ವಿವರಿಸಿದರು. ಬರೀ ಚರ್ಮ ಎಳೆದು ಹೊಲಿದರೆ ಗಾಯದ ಕಲೆ ಅಗಲವಾಗುತ್ತದೆ, ಕಿವಿಹಾಲೆ ಕೆಳಕ್ಕೆ ಜಗ್ಗಿಕೊಳ್ಳುತ್ತದೆ, ಮುಖ ಮತ್ತೆ ಬೇಗ ಇಳಿಯುತ್ತದೆ. ಎಳೆತವೆಲ್ಲ ಸ್ಮಾಸ್ ಮೇಲೆ ಬೀಳಬೇಕು, ಚರ್ಮ ಬಿಗಿಯಿಲ್ಲದೆ ಕೂರಬೇಕು.

ನಾನು ಹೆಚ್ಚು ಮಾಡುವುದು ಸ್ಮಾಸ್ ಪ್ಲೈಕೇಷನ್, ಅಂದರೆ ಆ ಪದರವನ್ನು ಮಡಚಿ ಹೊಲಿಯುವುದು. ರೋಗಿಯನ್ನು ಕೂರಿಸಿಯೇ ಗುರುತು ಹಾಕಬೇಕು, ಮಲಗಿಸಿದರೆ ಜೋತುಬಿದ್ದ ಕೆನ್ನೆಯೇ ಮಾಯ. 180 ಮಿಲಿ ಸಲೈನ್, 2 ಶೇಕಡಾ ಲಿಗ್ನೋಕೇನ್ (ಮರಗಟ್ಟಿಸುವ ಮದ್ದು) 20 ಮಿಲಿ, 1:1000 ಅಡ್ರಿನಲಿನ್ (ರಕ್ತನಾಳ ಬಿಗಿ ಮಾಡುವ ಮದ್ದು) 1 ಮಿಲಿ ಬೆರೆಸಿ, ಎರಡೂ ಬದಿ ಸೇರಿ 150 ಮಿಲಿ ಮೀರದಂತೆ ಚುಚ್ಚುತ್ತೇನೆ. ಅದರಲ್ಲಿ ಲಿಗ್ನೋಕೇನ್ 300 ಮಿಗ್ರಾಂ. 60 ಕೆಜಿ ತೂಕದವರಿಗೆ ಕೆಜಿಗೆ 7 ಮಿಗ್ರಾಂನಂತೆ ಮಿತಿ 420, ಅಂದರೆ ನೋವೆಂದರೆ ಮತ್ತಷ್ಟು ಕೊಡಲು ಜಾಗವಿರುತ್ತದೆ. ಆಮೇಲೆ ಹದಿನೈದು ನಿಮಿಷ ಕಾಯಲೇಬೇಕು. ಚರ್ಮ ಬಿಳಿಚುವ ಮುಂಚೆ ಕತ್ತಿ ಇಟ್ಟರೆ ಮುಂದಿನ ಒಂದು ತಾಸು ರಕ್ತ ಒರೆಸುವುದೇ ಕೆಲಸ.

ಗಂಡಸರಿಗೆ ಕಿವಿಯ ಮುಂದಿನ ಮಡಿಕೆಯಲ್ಲೇ ಕೊಯ್ಯುತ್ತೇನೆ. ಹೆಂಗಸರಿಗೆ ಮಾಡುವಂತೆ ಕಿವಿರಂಧ್ರದ ಮುಂದಿನ ಪುಟ್ಟ ಉಬ್ಬಾದ ಟ್ರೇಗಸ್ ಒಳಗಿಂದ ಕೊಯ್ದರೆ ಗಡ್ಡದ ಕೂದಲು ಅಲ್ಲೇ ಬೆಳೆಯುತ್ತದೆ. ಚರ್ಮವನ್ನು ಐದಾರು ಸೆಂ.ಮೀ. ಎಬ್ಬಿಸಿ, ಕೆನ್ನೆಮೂಳೆಯಿಂದ ದವಡೆಯ ಮೂಲೆಯವರೆಗೆ ಸ್ಮಾಸ್ ಮಡಚಿ ನಿಧಾನವಾಗಿ ಕರಗುವ 3-0 ಪಿಡಿಎಸ್ ದಾರದ ಹೊಲಿಗೆ. ಕೆನ್ನೆ ತುಂಬಿದವರಿಗೆ ಮಡಚಿದ್ದು ಉಬ್ಬಿ ಕಾಣುತ್ತದೆ. ಅವರಿಗೆ ಎರಡು ಸೆಂ.ಮೀ. ಅಗಲದ ಪಟ್ಟಿ ತೆಗೆದು ಅಂಚು ಕೂಡಿಸುವ ಸ್ಮಾಸೆಕ್ಟಮಿ ಒಳ್ಳೆಯದು. ಜೊಲ್ಲುಗ್ರಂಥಿಯ ಮುಂದಿನ ಅಂಚಿನಲ್ಲಿ ಮುಖದ ನರದ ಕವಲುಗಳು ಮೇಲಕ್ಕೆ ಬರುತ್ತವೆ, ಅಲ್ಲಿ ಕತ್ತರಿ ಆಳಕ್ಕೆ ಹೋಗಕೂಡದು. ಹೆಚ್ಚಾಗಿ ಪೆಟ್ಟಾಗುವ ನರ ಬೇರೆ: ಕಿವಿರಂಧ್ರದಿಂದ 6.5 ಸೆಂ.ಮೀ. ಕೆಳಗೆ ಕತ್ತಿನ ಸ್ನಾಯು ದಾಟುವ ಗ್ರೇಟ್ ಆರಿಕ್ಯುಲರ್. ಅಲ್ಲಿ ಕೊಬ್ಬು ತೆಳು, ಚರ್ಮ ಸ್ನಾಯುವಿಗೆ ಅಂಟಿಕೊಂಡಿರುತ್ತದೆ. ಕಡಿದರೆ ಕಿವಿಹಾಲೆ ಮರಗಟ್ಟುತ್ತದೆ, ಓಲೆ ತಿರುಪು ಹಾಕುವಾಗ ಗೊತ್ತೇ ಆಗುವುದಿಲ್ಲ.

1990ರಲ್ಲಿ ಹಾಮ್ರಾ ಪ್ರಕಟಿಸಿದ ಡೀಪ್ ಪ್ಲೇನ್‌ನಲ್ಲಿ ಚರ್ಮ-ಸ್ಮಾಸ್ ಒಂದೇ ದಪ್ಪ ಪದರವಾಗಿ ಏಳುತ್ತವೆ, ಕೆನ್ನೆಮೂಳೆಯ ಬಳಿ ಹಿಡಿದಿಟ್ಟ ಲಿಗಮೆಂಟ್ ಬಿಡಿಸಲಾಗುತ್ತದೆ. ನಡುಗೆನ್ನೆ ಇಳಿದು ಮೂಗಿನ ಪಕ್ಕದ ಗೆರೆ ಆಳವಾದವರಿಗೆ ಇದರಷ್ಟು ಫಲ ಪ್ಲೈಕೇಷನ್ ಕೊಡದು. ಪದರ ದಪ್ಪವಿರುವುದರಿಂದ ರಕ್ತಸಂಚಾರವೂ ಚೆನ್ನ. ಆದರೆ ಕತ್ತರಿ ಓಡಾಡುವುದು ನರಗಳ ನೆತ್ತಿಯ ಮೇಲೆ. ನಗುವಾಗ ಬಾಯಂಚು ಎಳೆಯುವ ಝೈಗೋಮ್ಯಾಟಿಕಸ್ ಸ್ನಾಯುವಿನ ಮೇಲ್ಮೈ ಬಿಟ್ಟು ಕೆಳಗಿಳಿಯದಿದ್ದರೆ ಅಪಾಯ ಕಡಿಮೆ, ಯಾಕೆಂದರೆ ನರ ಆ ಸ್ನಾಯುವನ್ನು ಹೊಗುವುದು ಅಡಿಯಿಂದ. ಕಿವಿಯ ಕೆಳಗೇ ಗಾಯ ಮುಗಿಯುವ ಮ್ಯಾಕ್ಸ್ ಲಿಫ್ಟ್ ಸಣ್ಣ ವಯಸ್ಸಿನವರಿಗೆ ಸಾಕು. ಕತ್ತಿನ ಚರ್ಮ ಹೆಚ್ಚಿದ್ದರೆ ಕಿವಿಹಾಲೆಯ ಹತ್ತಿರ ನೆರಿಗೆ ಉಳಿಯುತ್ತದೆ.

ಯಾವ ವಿಧಾನವಾದರೂ ಭಯ ಒಂದೇ, ಹೆಮಟೋಮಾ, ಅಂದರೆ ಚರ್ಮದಡಿ ರಕ್ತ ಸೋರಿ ಹೆಪ್ಪುಗಟ್ಟುವುದು. ಬಹುತೇಕ ಮೊದಲ 24 ಗಂಟೆಯೊಳಗೆ, ಬಿಪಿ ಏರಿದಾಗ, ವಾಂತಿ ಬಂದಾಗ, ಗಂಡಸರಲ್ಲಿ ಹೆಚ್ಚು. ಒಂದೇ ಬದಿಗೆ ಜಗ್ಗಿದಂಥ ನೋವು, ಬಿಗಿ, ಊತ ಇದ್ದರೆ ನೋವಿನ ಇಂಜೆಕ್ಷನ್ ಕೊಟ್ಟು ಕಾಯಬಾರದು. ಹೊಲಿಗೆ ಬಿಚ್ಚಿ ಹೆಪ್ಪು ತೆಗೆಯಬೇಕು, ತಡವಾದರೆ ಮೇಲಿನ ಚರ್ಮ ಉಳಿಯುವುದಿಲ್ಲ. ಸೋರಿದ ರಕ್ತ ಹೊರಹೋಗಲು ಡ್ರೇನ್ ಕೊಳವೆ ಇಟ್ಟ ಮಾತ್ರಕ್ಕೆ ಹೆಮಟೋಮಾ ತಪ್ಪುವುದಿಲ್ಲ. ಮೇಲಿನ ಬಿಪಿ 140 ದಾಟಗೊಡುವುದಿಲ್ಲ. ಯಾದಗಿರಿ, ಚಿಂಚೋಳಿ, ಔರಾದದ ಕಡೆಯವರನ್ನು ಆ ರಾತ್ರಿ ಊರಿಗೆ ಕಳಿಸುವ ಮಾತೇ ಇಲ್ಲ.

ಏಪ್ರಿಲ್-ಮೇ ತಿಂಗಳ ಮದುವೆಗೆ ಮುಖ ತಯಾರಾಗಬೇಕೆಂದರೆ ಜನವರಿಯೊಳಗೆ ಮುಗಿಸಬೇಕು. ನಮ್ಮ ಬಿಸಿಲಿಗೆ ಹೊಸ ಕಲೆ, ಬಾವು ಇಳಿದ ಜಾಗ ಎರಡೂ ಕಪ್ಪಾಗುತ್ತವೆ; ನಮ್ಮ ಗೋಧಿ-ಕಂದು ಮೈಬಣ್ಣಕ್ಕೆ ಅದು ತಿಂಗಳುಗಟ್ಟಲೆ ಹೋಗುವುದಿಲ್ಲ. ಹೊರಗೆ ಹೋದರೆ ಸೆರಗು ಮುಂದಕ್ಕೆ ಎಳೆದುಕೊಂಡರೆ ಕ್ರೀಮಿಗಿಂತ ಉಪಯೋಗ. ಎರಡು ವಾರ ಖಡಕ್ ರೊಟ್ಟಿ ಬೇಡ, ಹಾಲಿನಲ್ಲಿ ನೆನೆಸಿದ್ದು ಅಥವಾ ನುಚ್ಚು ನಡೆಯುತ್ತದೆ. ಕಿವಿಯ ಮುಂದಿನ ಹೊಲಿಗೆ ಐದಾರು ದಿನಕ್ಕೆ, ಹಿಂದಿನದು ಹತ್ತಕ್ಕೆ ಬಿಚ್ಚುತ್ತೇನೆ. ತಲೆಗೆ ಬಣ್ಣ, ಮದರಂಗಿ ಒಂದು ತಿಂಗಳ ಮೇಲೆ. ಭಾರದ ಝುಮಕಿಗೆ ಮೂರು ತಿಂಗಳು.