ಕಲಬುರಗಿ ಬಿಸಿಲು, ಜೋಳದ ರೊಟ್ಟಿ ಮತ್ತು ತಣ್ಣನೆಯ ವೈನ್

ಏಪ್ರಿಲ್ ಕೊನೆಯ ವಾರ. ನಮ್ಮ ಮದುವೆಯ ದಿನಕ್ಕೆಂದು ಐದು ತಿಂಗಳಿಂದ ಎತ್ತಿಟ್ಟಿದ್ದ ಕೆಂಪು ವೈನ್ ಬಾಟಲಿಯನ್ನು ಅಡುಗೆಮನೆ ಅಟ್ಟದಿಂದ ಇಳಿಸಿದೆ. ಕೈಗೆ ಬೆಚ್ಚಗೆ ತಾಗಿತು. ಬಾಯಿಗೆ ಸುತ್ತಿದ್ದ ಹಾಳೆ ಸುಲಿದು ನೋಡಿದರೆ ಕಾರ್ಕ್ ಮೇಲಕ್ಕೆ ಎದ್ದು ಬಂದಿತ್ತು. ಪಕ್ಕದಿಂದ ಸೋರಿದ ವೈನ್ ಬೆಲ್ಲದ ಪಾಕದ ಹಾಗೆ ಗಾಜಿಗೆ ಅಂಟಿಕೊಂಡಿತ್ತು. ಗ್ಲಾಸಿಗೆ ಹಾಕಿದೆ. ಬಣ್ಣ ಇಟ್ಟಿಗೆ ಕಡೆ ತಿರುಗಿತ್ತು, ವಾಸನೆ ಒಣದ್ರಾಕ್ಷಿ ಕುದಿಸಿದ ಹಾಗಿತ್ತು. ಹೆಂಡತಿ ಒಂದು ಗುಟುಕು ಕುಡಿದು ಗ್ಲಾಸ್ ಕೆಳಗಿಟ್ಟಳು. "ಇದು ಬೆಂದು ಹೋಗ್ಯಾದರೀ" ಅಂದಳು.

ಅವಳು ಹೇಳಿದ್ದೇ ಸರಿ. ವೈನ್ ನಿಜವಾಗಿಯೂ ಬೆಂದಿತ್ತು. ಕೆಂಪು ವೈನನ್ನು 'ರೂಮ್ ಟೆಂಪರೇಚರ್'ನಲ್ಲಿ ಕುಡಿಯಬೇಕು ಅಂತ ಎಲ್ಲ ಕಡೆ ಓದಿದ್ದೆ. ಆ ರೂಮು ಯುರೋಪಿನದು, 16ರಿಂದ 18 ಡಿಗ್ರಿಯದು. ನಮ್ಮ ಕಲಬುರಗಿಯಲ್ಲಿ ಏಪ್ರಿಲ್-ಮೇ ಬಂದರೆ ಹೊರಗೆ 42, 43 ಡಿಗ್ರಿ. ಹಗಲೆಲ್ಲ ಕಾದ ಸ್ಲ್ಯಾಬಿನ ಕೆಳಗಿನ ಅಟ್ಟ ರಾತ್ರಿಯಾದರೂ ಆರುವುದಿಲ್ಲ. ವೈನ್ ಸುಮಾರು 13 ಡಿಗ್ರಿಯ ತಂಪಿನಲ್ಲಿ, ಕತ್ತಲಲ್ಲಿ ಇರಲು ಇಷ್ಟಪಡುವ ವಸ್ತು. ಅಷ್ಟು ಸೆಕೆಯಲ್ಲಿ ಅದು ಹಿಗ್ಗಿ ಕಾರ್ಕನ್ನು ತಳ್ಳುತ್ತದೆ, ಗಾಳಿ ಒಳಗೆ ಹೋಗುತ್ತದೆ, ರುಚಿ ಸಾಯುತ್ತದೆ.

ಆವತ್ತಿನಿಂದ ನಮ್ಮನೆಯಲ್ಲಿ ವೈನ್ ಫ್ರಿಜ್ಜಿನಲ್ಲೇ, ತರಕಾರಿ ಡಬ್ಬಿಯ ಪಕ್ಕ ಅಡ್ಡಡ್ಡ ಮಲಗಿರುತ್ತದೆ. ಒಂದು ಸಲಕ್ಕೆ ಎರಡು ಬಾಟಲಿಗಿಂತ ಜಾಸ್ತಿ ತರುವುದಿಲ್ಲ. ಬಿಳಿ ವೈನ್ ಊಟದ ಹೊತ್ತಿಗೆ ಹೊರಗೆ ಬರುತ್ತದೆ. ಕೆಂಪಾದರೆ ಇಪ್ಪತ್ತು ನಿಮಿಷ ಮೊದಲೇ ಹೊರಗಿಡುತ್ತೇನೆ, ನಮ್ಮ ಸೆಕೆಗೆ ಅಷ್ಟು ಸಾಕು. ಕರೆಂಟ್ ಹೋದ ದಿನ ಬಕೆಟ್ಟಿಗೆ ಐಸ್ ಹಾಕಿ, ಅದು ಮುಳುಗುವಷ್ಟು ನೀರು ಹಾಕಿ, ಎರಡು ಹಿಡಿ ಕಲ್ಲುಪ್ಪು ಹಾಕಿ ಬಾಟಲಿ ಇಳಿಸುತ್ತೇನೆ. ಬರೀ ಐಸಿನಲ್ಲಿಟ್ಟರೆ ನಡುನಡುವೆ ಗಾಳಿ ಉಳಿದು ತಂಪು ಸರಿಯಾಗಿ ತಾಗುವುದಿಲ್ಲ. ನೀರು ಸುತ್ತಲೂ ಮುಟ್ಟುತ್ತದೆ, ಉಪ್ಪು ಆ ನೀರನ್ನು ಸೊನ್ನೆಗಿಂತ ಕೆಳಕ್ಕೆ ಇಳಿಸುತ್ತದೆ. ಹದಿನೈದು ನಿಮಿಷದಲ್ಲಿ ಬಾಟಲಿ ಬೆವರುತ್ತದೆ. ಐಸೂ ಸಿಗದಿದ್ದರೆ ನಮ್ಮ ಮಣ್ಣಿನ ಹರವಿಯ ಬುದ್ಧಿ: ಒದ್ದೆ ಬಟ್ಟೆ ಸುತ್ತಿ ಗಾಳಿ ಬೀಸುವ ಕಿಟಕಿಯಲ್ಲಿಡುವುದು. ಒಣ ಬಿಸಿಲಿನ ಊರು ನೋಡಿ, ಬಟ್ಟೆ ಬೇಗ ಆರುತ್ತದೆ, ಆರುತ್ತಾ ಬಾಟಲಿಯ ಕಾವನ್ನೂ ಒಯ್ಯುತ್ತದೆ.

ತಂಪಿನ ಲೆಕ್ಕ ಬೇಗ ಬಂತು. ಊಟದ ಲೆಕ್ಕ ಬರಲು ವರ್ಷಗಳೇ ಹಿಡಿದವು. ಶುರುವಿನಲ್ಲಿ ಒಳ್ಳೆ ವೈನ್ ಅಂದರೆ ದಪ್ಪನೆಯ ಕೆಂಪು ವೈನ್ ಅಂತ ತಿಳಿದು ಕ್ಯಾಬರ್ನೆ ಸೋವಿನ್ಯಾನ್ ತಂದು ಬದನೆಕಾಯಿ ಎಣ್ಣೆಗಾಯಿ ಜೊತೆ ಕುಡಿದೆವು. ಬಾಯಿ ಉರಿದು ಹೋಯಿತು. ಎಣ್ಣೆಗಾಯಿಯದು ತಪ್ಪಿರಲಿಲ್ಲ, ಅದೇ ಎಣ್ಣೆಗಾಯಿಯನ್ನು ವಾರಕ್ಕೆರಡು ಸಲ ತಿನ್ನುವವರು ನಾವು. ಕೆಂಪು ವೈನಿನಲ್ಲಿ ಒಗರು ಇರುತ್ತದೆ, ಟ್ಯಾನಿನ್ ಅನ್ನುತ್ತಾರೆ. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವುದು. ಕಾಯಿ ನೇರಳೆ ತಿಂದಾಗ ನಾಲಿಗೆ ಹಿಡಿದುಕೊಳ್ಳುತ್ತದಲ್ವಾ, ಅದೇ. ಖಾರದ ಮೇಲೆ ಆ ಒಗರು ಬಿದ್ದರೆ ಖಾರ ಎರಡು ಪಟ್ಟು ಅನಿಸುತ್ತದೆ. ಆಲ್ಕೋಹಾಲ್ ಜಾಸ್ತಿ ಇದ್ದರೆ ಉರಿ ಇನ್ನೂ ಏರುತ್ತದೆ. ನಮ್ಮ ಕಡೆಯ ಊಟಕ್ಕೆ ಬೇಕಾದದ್ದು ತಣ್ಣಗಿರುವ, ಒಗರು ಕಡಿಮೆ ಇರುವ, ಸ್ವಲ್ಪ ಸಿಹಿ ಉಳಿಸಿಕೊಂಡ ವೈನ್. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ, ಏಕೆಂದರೆ ಬಹಳ ಜನ ಮೊದಲ ಸಲವೇ ಆ ದಪ್ಪ ಕೆಂಪು ಕುಡಿದು 'ವೈನ್ ನಮಗೆ ಆಗಿಬರಲ್ಲ' ಅಂತ ಕೈಬಿಡುತ್ತಾರೆ.

ಎಣ್ಣೆಗಾಯಿಗೆ ಸರಿಯಾದ ಜೋಡಿ ಶೆನಿನ್ ಬ್ಲಾಂಕ್ ಅನ್ನುವ ಬಿಳಿ ವೈನ್. ಮೂಲತಃ ಫ್ರಾನ್ಸಿನ ಲುವಾರ್ ನದಿ ಕಡೆಯ ದ್ರಾಕ್ಷಿ. ನಾಸಿಕದ ಸುಲಾ ವೈನರಿಯವರು 1990ರ ದಶಕದ ಕೊನೆಯಲ್ಲಿ ಅದನ್ನು ನೆಟ್ಟರು. ಅವರ ಶೆನಿನ್‌ನಲ್ಲಿ ಸಣ್ಣಗೆ ಸಿಹಿ ಇರುತ್ತದೆ. ಶೇಂಗಾ, ಎಳ್ಳು, ಗುರೆಳ್ಳು ಅರೆದು ತುಂಬಿದ ಮಸಾಲೆಯಲ್ಲಿ ಹುಣಸೆ, ಬೆಲ್ಲ ಎರಡೂ ಇರುತ್ತವೆ. ಆ ಬೆಲ್ಲದ ಎಳೆಯನ್ನು ಈ ವೈನ್ ಹಿಡಿದುಕೊಳ್ಳುತ್ತದೆ, ಖಾರವನ್ನು ತಣ್ಣಗೆ ಒರೆಸುತ್ತದೆ.

ಪುಂಡಿ ಪಲ್ಯದ ಕಥೆ ಬೇರೆ. ಪುಂಡಿ ಅನ್ನುವ ಹುಳಿ ಸೊಪ್ಪಿಗೆ ತೊಗರಿ ಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿ ಹಾಕಿ ಕುದಿಸಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಹುಳಿ ಅಂದರೆ ಹುಳಿ. ಅದರ ಎದುರು ಶೆನಿನ್ ಸಪ್ಪಗಾಗುತ್ತದೆ. ಊಟಕ್ಕಿಂತ ವೈನಿನ ಹುಳಿ ಒಂದು ಕೈ ಮೇಲಿರಬೇಕು. ಒಂದು ರಾತ್ರಿ ಸುಮ್ನೆ ನೋಡೋಣ ಅಂತ ಸೋವಿನ್ಯಾನ್ ಬ್ಲಾಂಕ್ ಅನ್ನುವ ಇನ್ನೊಂದು ಬಿಳಿ ವೈನ್ ತೆಗೆದೆ. ಹಸಿ ಹುಲ್ಲು, ನಿಂಬೆ ಸಿಪ್ಪೆಯ ವಾಸನೆ ಅದರದು. ಬಿಸಿ ರೊಟ್ಟಿ ಮುರಿದು, ಪಲ್ಯ ಹಚ್ಚಿ, ಒಂದು ತುತ್ತು ತಿಂದು, ಒಂದು ಗುಟುಕು ಕುಡಿದೆ. ಪುಂಡಿಯ ಹುಳಿ ಹಿಂದೆ ಸರಿದು ಸೊಪ್ಪಿನ ಹಸಿರು ರುಚಿ ಮುಂದೆ ಬಂತು. ಚಿಕ್ಕಂದಿನಿಂದ ತಿಂದ ಪಲ್ಯದಲ್ಲಿ ಆ ರುಚಿ ನನಗೆ ಅಷ್ಟು ಸ್ಪಷ್ಟವಾಗಿ ಯಾವತ್ತೂ ಸಿಕ್ಕಿರಲಿಲ್ಲ. ಅವ್ವನಿಗೂ ವಾಸನೆ ತೋರಿಸಿದೆ. ಅವ್ವ ಕುಡಿಯುವುದಿಲ್ಲ. ಮೂಸಿ ನೋಡಿ "ಹೊಲದಾಗ ಪುಂಡಿ ಕೊಯ್ದಂಗ ಅನಸ್ತದಲ್ಲೋ" ಅಂದಳು. ವೈನ್ ಬಗ್ಗೆ ನಾನು ಕೇಳಿದ ಅತ್ಯುತ್ತಮ ಮಾತು ಅದು.

ತೊಗರಿ ಬ್ಯಾಳಿಗೆ ವೈನ್ ಇಡುವುದಿಲ್ಲ. 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ನಮ್ಮ ಜಿಲ್ಲೆಯ ಬೇಳೆ ಅದು, ಅನ್ನ, ತುಪ್ಪದ ಜೊತೆ ಹಾಗೇ ಚೆನ್ನ.

ಮಾಂಸದೂಟ ಅಂದರೆ ತಹರಿ. ಒಂದೇ ಪಾತ್ರೆಯಲ್ಲಿ ಮಟನ್, ಅಕ್ಕಿ ಕೂಡಿ ಬೇಯುವ, ಅರಿಶಿನ ಬಣ್ಣದ ನಮ್ಮೂರ ಅನ್ನ. ಭಾನುವಾರ ಪಾರ್ಸೆಲ್ ತರುತ್ತೇನೆ. ಇದರಲ್ಲಿ ಖಾರಕ್ಕಿಂತ ಎಣ್ಣೆ, ಎಲುಬಿನ ರಸ ಮುಂದಿರುತ್ತವೆ. ಕೊಬ್ಬು ಒಗರನ್ನು ಮೆತ್ತಗೆ ಮಾಡುತ್ತದೆ, ಹಾಗಾಗಿ ಇಲ್ಲಿ ಮಾತ್ರ ಕೆಂಪು ವೈನ್ ಕೂಡುತ್ತದೆ. ಅದೂ ಹಗುರ ಕೆಂಪು, ಸ್ವಲ್ಪ ತಂಪಾಗಿ. ಸ್ಯಾಂಜೋವೇಸೆ ಅಂತ ಇಟಲಿಯ ದ್ರಾಕ್ಷಿಯ ವೈನ್ ನಮಗೆ ಹಿಡಿಸಿದೆ.

ಆ ದ್ರಾಕ್ಷಿ ನಮಗೆ ಇಷ್ಟು ಹತ್ತಿರ ಬೆಳೆಯುತ್ತದೆ ಅಂತ ಗೊತ್ತಾಗಿದ್ದು ತಡವಾಗಿ. ಸೊಲ್ಲಾಪುರ ಜಿಲ್ಲೆಯ ಅಕಲೂಜಿನಲ್ಲಿ ಫ್ರಾಟೆಲ್ಲಿ ವೈನರಿ ಇದೆ. ಫ್ರಾಟೆಲ್ಲಿ ಅಂದರೆ ಇಟಲಿ ಭಾಷೆಯಲ್ಲಿ ಅಣ್ಣತಮ್ಮಂದಿರು. ಇಟಲಿಯ ಸೆಕ್ಕಿ, ದೆಹಲಿಯ ಸೇಖ್ರಿ, ಅಕಲೂಜಿನ ಮೋಹಿತೆ-ಪಾಟೀಲ ಮನೆತನದ ಅಣ್ಣತಮ್ಮಂದಿರು ಸೇರಿ ಕಟ್ಟಿದ್ದು. ಫೆಬ್ರವರಿಯಲ್ಲಿ ಹೋದೆವು. ಬೆಳಗಿನ ರೈಲಿಗೆ ಸೊಲ್ಲಾಪುರ, ಅಲ್ಲಿಂದ ಬಸ್ಸಿಗೆ ಪಂಢರಪುರ. ವಿಠೋಬನ ದರ್ಶನ ಅವ್ವನ ಹರಕೆ, ಅದನ್ನು ಮುಗಿಸಿ ಮುಂದಕ್ಕೆ. ನಮ್ಮ ಕಡೆ ದ್ರಾಕ್ಷಿ ಬಳ್ಳಿಗೆ ಯುರೋಪಿನ ಹಾಗೆ ಚಳಿಗಾಲದ ನಿದ್ದೆ ಇಲ್ಲ. ವರ್ಷಕ್ಕೆರಡು ಸಲ ಕತ್ತರಿಸುತ್ತಾರೆ, ಹಣ್ಣು ಒಂದೇ ಸಲ ತೆಗೆದುಕೊಳ್ಳುತ್ತಾರೆ, ಜನವರಿಯಿಂದ ಮಾರ್ಚ್ ಒಳಗೆ. ಬಿಸಿಲೇರುವ ಮುಂಚೆ ಕೊಯ್ಲು. ಒಂದು ಕಾಳು ಬಾಯಿಗೆ ಹಾಕಿಕೊಂಡೆ. ತಿನ್ನುವ ದ್ರಾಕ್ಷಿಗಿಂತ ಚಿಕ್ಕದು, ಸಿಪ್ಪೆ ದಪ್ಪ, ಒಳಗೆ ಬೀಜ, ಸಿಹಿ ಮಾತ್ರ ವಿಪರೀತ. ಆ ಸಿಹಿಯೇ ಯೀಸ್ಟಿನ ಕೈಗೆ ಸಿಕ್ಕು ಆಲ್ಕೋಹಾಲ್ ಆಗುವುದು.

ಪ್ರವಾಸಕ್ಕೆ ಹೋದಾಗ ಹೆಂಡತಿ ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಹಿಂಡಿ ಅಂದರೆ ಚಟ್ನಿಪುಡಿ ಕಟ್ಟಿಕೊಳ್ಳುತ್ತಾಳೆ. ವಾರವಾದರೂ ಕೆಡುವುದಿಲ್ಲ. ರೈಲಿನಲ್ಲಿ ಬಾಟಲಿ ತೆಗೆಯುವುದಿಲ್ಲ, ಕಾನೂನಿಗೂ ತಪ್ಪು, ಪಕ್ಕದವರಿಗೂ ಕಿರಿಕಿರಿ. ರಾಜ್ಯದ ಗಡಿ ದಾಟಿಸುವುದಕ್ಕೆ ಅಬಕಾರಿ ನಿಯಮ ಇದೆ, ಹಾಗಾಗಿ ಅಲ್ಲಿಯ ವೈನ್ ಅಲ್ಲೇ ಕುಡಿದು ಬರುತ್ತೇವೆ. ಆ ದಿನ ಗಾಡಿ ಓಡಿಸುವ ಮಾತೇ ಇಲ್ಲ. ಅಕಲೂಜಿನಲ್ಲಿ ಸಂಜೆ ತೋಟದ ಕಡೆ ಮುಖ ಮಾಡಿ ಕೂತು, ರೊಟ್ಟಿ ಮುರಿದು ಹಿಂಡಿ ಅದ್ದಿ, ಜೊತೆಗೆ ತಣ್ಣನೆಯ ಶೆನಿನ್ ಕುಡಿದೆವು. ನಮಗೆ ಬಡಿಸಿದ ಹುಡುಗ ರೊಟ್ಟಿ ನೋಡಿ ಖುಷಿಯಾದ. ಅವರ ಮನೆಯಲ್ಲೂ ಮಾಲದಂಡಿ ಜೋಳದ ಭಾಕ್ರಿಯೇ. ಒಂದು ತುಂಡು ಅವನಿಗೂ ಕೊಟ್ಟೆವು. ಎರಡೂ ಕಡೆಯದು ಒಂದೇ ಎರೆಮಣ್ಣು ನೋಡಿ.

ಮನೆಯಲ್ಲಿ ಒಂದು ಬಾಟಲಿ ಇಬ್ಬರಿಗೆ ಎರಡು ದಿನ ಬರುತ್ತದೆ. 750 ಎಂಎಲ್ ಅಂದರೆ ಐದು ಗ್ಲಾಸು. ಉಳಿದದ್ದನ್ನು ಬಿರಡೆ ಬಿಗಿದು ಫ್ರಿಜ್ಜಿನಲ್ಲಿಟ್ಟರೆ ಮರುದಿನವೂ ಚೆನ್ನಾಗಿರುತ್ತದೆ. ಹಬ್ಬದ ದಿನ ಮುಟ್ಟುವುದಿಲ್ಲ. ಎಳ್ಳಮಾಸಿ (ಎಳ್ಳ ಅಮಾವಾಸ್ಯೆ) ದಿನ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ ಉಂಡು ಬರುತ್ತೇವೆ. ಅಷ್ಟೊಂದು ಸೊಪ್ಪು, ಕಾಳು ಕೂಡಿಸಿ ಕುದಿಸಿದ ಭಜ್ಜಿ ಮರುದಿನಕ್ಕೆ ಇನ್ನೂ ರುಚಿ. ಕಳೆದ ಸಲ ಉಳಿದ ಭಜ್ಜಿ ಬಿಸಿ ಮಾಡಿ ಸೋವಿನ್ಯಾನ್ ಬ್ಲಾಂಕ್ ಜೊತೆ ತಿಂದೆವು. ಚೆನ್ನಾಗಿತ್ತು, ಆದರೆ ಕಾಳಿನ ರುಚಿ ಹಿಂದೆ ಬಿತ್ತು. ಈ ಸಲ ಗುಲಾಬಿ ಬಣ್ಣದ ರೋಸೆ ವೈನ್ ಒಂದು ತಂದಿಟ್ಟಿದ್ದೇನೆ, ತರಕಾರಿ ಡಬ್ಬಿಯ ಪಕ್ಕ.