ಮೊದಲು ಒಂದೇ ಅಣಬೆ ಕಲಿಯಿರಿ

ಮುಂಗಾರಿನ ಶುರುವಿಗೆ ನಾಲ್ಕು ಗುಡುಗು-ಮಳೆ ಬಿದ್ದರೆ ಸಾಕು, ಮಲೆನಾಡಲ್ಲಿ ಬುಟ್ಟಿ ಹಿಡಿದು ತೋಟ, ಬೇಣ ಸುತ್ತುವವರು ಕಾಣಿಸುತ್ತಾರೆ. ನಿಮಗೂ ಆಸೆಯಾಗಿದ್ದರೆ ನನ್ನ ಸಲಹೆ ಇಷ್ಟೇ: ಮೊದಲ ವರ್ಷ ಹುತ್ತದ ಅಣಬೆ ಒಂದನ್ನೇ ಕಲಿಯಿರಿ. ಉಳಿದದ್ದನ್ನು ನೋಡಿ, ಫೋಟೊ ತೆಗೆಯಿರಿ, ಅಲ್ಲೇ ಬಿಡಿ.

ಮೊದಲ ಕೆಲಸ, ಜೊತೆ ಹುಡುಕುವುದು. ಆ ಊರಲ್ಲೇ ವರ್ಷಾನುಗಟ್ಟಲೆ ಅಣಬೆ ಕಿತ್ತು ತಿಂದವರ ಹಿಂದೆ ಹೋಗಿ. ಮೊಬೈಲ್ ಆ್ಯಪ್ ನಂಬಿ ತಿನ್ನಬೇಡಿ. ಈ ಲೇಖನ ಓದಿಯೂ ತಿನ್ನಬೇಡಿ. ಬೇರೆಯವರ ತೋಟವಾದರೆ ಕೇಳಿಕೊಂಡು ಹೋಗಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಕೀಳುವಂತಿಲ್ಲ.

ಉದ್ದ ತೋಳಿನ ಅಂಗಿ, ಉಂಬಳಕ್ಕೆ (ಜಿಗಣೆಗೆ) ಉಪ್ಪು-ಸುಣ್ಣ, ಕೈಯಲ್ಲೊಂದು ಕೋಲು ಇರಲಿ. ಹುತ್ತದ ಹತ್ತಿರ ಹಾವಿರಬಹುದು, ಕಾಣದ ಕಡೆ ಕೈ ಹಾಕಬೇಡಿ. ಬಿದಿರಿನ ಬುಟ್ಟಿಗೆ ಬಾಳೆಲೆ ಹಾಸಿಕೊಳ್ಳಿ. ಪ್ಲಾಸ್ಟಿಕ್ ಕವರಿನಲ್ಲಿ ಅಣಬೆ ಬೆವರಿ ಬೇಗ ಕೊಳೆಯುತ್ತದೆ.

ಈಗ ಗುರುತು. ಗೆದ್ದಲುಗಳು ತರಗೆಲೆ, ಕಟ್ಟಿಗೆ ಅಗಿದು ನೆಲದೊಳಗೆ ಸ್ಪಂಜಿನಂಥ ಗೂಡು ಕಟ್ಟುತ್ತವೆ. ಅದರ ಮೇಲೆ ಶಿಲೀಂಧ್ರ ಬೆಳೆಸಿ ತಿನ್ನುತ್ತವೆ. ಮಳೆ ಇಳಿದಾಗ ಆ ಶಿಲೀಂಧ್ರವೇ ಅಣಬೆಯಾಗಿ ಮೇಲೆ ಬರುತ್ತದೆ. ಗೆದ್ದಲಿಲ್ಲದೆ ಇದನ್ನು ಬೆಳೆಯಲು ಆಗದು, ಅದಕ್ಕೇ ಸಂತೆಯಲ್ಲಿ ಅಷ್ಟು ದುಬಾರಿ. ಎಷ್ಟೋ ಸಲ ಮೇಲೆ ಹುತ್ತವೇ ಕಾಣಿಸುವುದಿಲ್ಲ, ಗೂಡು ಅಡಿಯಲ್ಲಿರುತ್ತದೆ.

ಒಂದು ಅಣಬೆಯ ಸುತ್ತ ಮಣ್ಣನ್ನು ಕೋಲಿನಿಂದ ಮೆಲ್ಲಗೆ ಸಡಿಲಿಸಿ. ಕೊಡೆಯ ನಡುವೆ ಮೊನಚಾದ ಉಬ್ಬು ಇರಬೇಕು. ಕಾಂಡ ನೆಲದ ಮಟ್ಟಕ್ಕೆ ಮುಗಿಯದೆ ಬೇರಿನಂತೆ ಸಪೂರವಾಗಿ ಗೂಡಿನ ಕಡೆಗೆ ಇಳಿದಿರಬೇಕು. ಆ ಬೇರು ಸಿಗಲಿಲ್ಲವೋ, ಬಿಟ್ಟುಬಿಡಿ. ಗುರುತು ಖಾತ್ರಿಯಾದ ಮೇಲೆ ಉಳಿದವನ್ನು ನೆಲಮಟ್ಟದಲ್ಲೇ ಮುರಿದುಕೊಳ್ಳಿ. ಗುದ್ದಲಿ ಹಾಕಿ ಗೂಡು ಒಡೆದರೆ ಮುಂದಿನ ವರ್ಷ ಅಲ್ಲಿ ಅಣಬೆ ಏಳುವ ಆಸೆ ಬಿಡಬೇಕು.

ಕಾಂಡದ ಬುಡದಲ್ಲಿ ಚೀಲದಂಥ ಬಟ್ಟಲು, ಮೇಲೆ ಬಳೆಯಂಥ ಉಂಗುರ, ಕೊಡೆಯಡಿ ತೆಳು ಹಾಳೆಗಳಂತೆ ಜೋಡಿಸಿರುವ ಪದರ ಬಿಳಿಯಾಗಿ ಕಂಡರೆ ಅದು ಅಮಾನಿಟಾ ಇರಬಹುದು. ಈ ಜಾತಿಯಲ್ಲಿ ಪ್ರಾಣ ತೆಗೆಯುವಂಥವು ಇವೆ. ಮಳೆ ಬಂದಾಗ ಹುಲ್ಲುಹಾಸಿನಲ್ಲಿ ಏಳುವ, ಕಂದು ಚಕ್ಕೆಗಳ ದೊಡ್ಡ ಬಿಳಿ ಅಣಬೆಯೂ ಬೇಡ. ಬಲಿತಾಗ ಅದರ ಪದರ ಹಸಿರಾಗುತ್ತದೆ, ತಿಂದರೆ ವಾಂತಿ-ಭೇದಿ ಖಂಡಿತ.

ಮನೆಗೆ ಬಂದ ಮೇಲೆ ಇನ್ನೊಂದು ಪರೀಕ್ಷೆ. ಅರಳಿದ ಕೊಡೆಯೊಂದನ್ನು ಕತ್ತರಿಸಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಪದರ ಕೆಳಗಾಗಿ ಇಟ್ಟು ಲೋಟ ಮುಚ್ಚಿ. 6ರಿಂದ 12 ಗಂಟೆಯಲ್ಲಿ ಕಾಗದದ ಮೇಲೆ ನವಿರಾದ ಪುಡಿಯ ಗೆರೆಗಳು ಮೂಡುತ್ತವೆ. ಹುತ್ತದ ಅಣಬೆಯದು ನಸು ಗುಲಾಬಿ, ಅಮಾನಿಟಾದ್ದು ಬಿಳಿ, ಹುಲ್ಲುಹಾಸಿನದ್ದು ಹಸಿರು. ಗುಲಾಬಿ ಪುಡಿ ಬಿಡುವ ವಿಷದ ಅಣಬೆಗಳೂ ಇವೆ. ಹಾಗಾಗಿ ಬೇರು, ಕೊಡೆ, ಪುಡಿ ಎಲ್ಲವೂ ತಾಳೆಯಾಗಬೇಕು. ಕಾಯುವ ಹೊತ್ತಿಗೆ ಉಳಿದ ಅಣಬೆಯನ್ನು ಫ್ರಿಜ್ಜಿನಲ್ಲಿಡಿ.

ಅಣಬೆ ಜೊತೆ ಬೇಯಿಸಿದ ಬೆಳ್ಳುಳ್ಳಿ ಕಪ್ಪಾದರೆ ವಿಷ, ಹುಳ ತಿಂದಿದ್ದರೆ ಒಳ್ಳೆಯದು ಅನ್ನುವ ಮಾತುಗಳನ್ನು ದಯವಿಟ್ಟು ನಂಬಬೇಡಿ. ಅಮಾನಿಟಾದ ವಿಷ ಎಷ್ಟು ಕುದಿಸಿದರೂ ಹೋಗುವುದಿಲ್ಲ.

ಮಣ್ಣು ತೊಳೆದು, ಅರಿಸಿನದ ನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಬೇಯಿಸಿ. ಈರುಳ್ಳಿ, ಕಾಯಿ ಹಾಕಿದ ಗಟ್ಟಿ ಸಾರಿಗೆ ಅಕ್ಕಿರೊಟ್ಟಿ ಇದ್ದರೆ ಬೇರೇನೂ ಬೇಡ ಅಲ್ವಾ! ಮೊದಲ ಸಲ ಎರಡು ತುತ್ತು ಸಾಕು, ಮಕ್ಕಳಿಗೆ ಬೇಡ. ಒಂದು ಹಸಿ ಅಣಬೆಯನ್ನು ತೆಗೆದಿಡಿ.

ತಿಂದ 6ರಿಂದ 24 ಗಂಟೆಯ ನಂತರ ಹೊಟ್ಟೆ ಕೆಟ್ಟರೆ ಅದು ಜಾಸ್ತಿ ಅಪಾಯದ ಲಕ್ಷಣ. ಒಂದು ದಿನ ಸುಧಾರಿಸಿದಂತೆ ಅನ್ನಿಸಿ, ಒಳಗೆ ಯಕೃತ್ತು ಕೆಡುತ್ತಿರುತ್ತದೆ. ಕಡಿಮೆಯಾಯಿತಲ್ಲ ಅಂತ ಸುಮ್ನೆ ಕೂರಬೇಡಿ. ತೆಗೆದಿಟ್ಟ ಅಣಬೆ ಹಿಡಿದುಕೊಂಡು ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ. ಜೊತೆಯಲ್ಲಿ ಉಂಡವರನ್ನೂ ಕರೆದೊಯ್ಯಿರಿ.