ಕಾಫಿ ಕಣದಲ್ಲಿ ನಕ್ಷತ್ರ ನೋಡಲು ಹೋದದ್ದು

ನಮ್ಮ ತೋಟದಲ್ಲಿ ಆಕಾಶ ನೋಡುವುದೇ ಕಷ್ಟ. ತಲೆ ಎತ್ತಿದರೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಸಂದಿಯಲ್ಲಿ ಒಂದು ತುಂಡು ಆಕಾಶ ಅಷ್ಟೇ. ಆದರೂ 2019ರ ಡಿಸೆಂಬರ್ 26ಕ್ಕೆ ಕೊಡಗಿನ ಕುಟ್ಟದ ಕಡೆ ಹೋಗಿ ಕಂಕಣ ಗ್ರಹಣ ನೋಡಿ ಬಂದಾಗಿನಿಂದ ಹುಚ್ಚು ಹತ್ತಿತ್ತು. ಐದು ವರ್ಷ ಸುಮ್ನೆ ಮೊಬೈಲಲ್ಲಿ ಚಿತ್ರ ನೋಡುತ್ತಾ ಕಳೆದೆ. ಆಮೇಲೆ ಗೊತ್ತಾಯಿತು, ಎಂಟು ಹತ್ತು ಜನ ಅಮಾವಾಸ್ಯೆ ಹತ್ತಿರದ ಶನಿವಾರ ಒಬ್ಬರ ಕಾಫಿ ಕಣದಲ್ಲಿ ಸೇರುತ್ತಾರೆ ಅಂತ. ಕಣ ಯಾಕೆ ಅಂದರೆ ತೋಟದಲ್ಲಿ ಬಟ್ಟಬಯಲು ಅಂತ ಇರುವುದು ಅದೊಂದೇ.

ಟೆಲಿಸ್ಕೋಪ್ ಕೊಂಡೇ ಹೋಗೋಣ ಅಂತಿದ್ದೆ. ಫೋನ್ ಮಾಡಿ ಕೇಳಿದ್ದಕ್ಕೆ ಗುಂಪಿನ ಮೇಷ್ಟ್ರು, "ಒಂದು ವರ್ಷ ಏನೂ ತಗೋಬೇಡಿ, ಸ್ವೆಟರ್ ಹಾಕ್ಕೊಂಡು ಬನ್ನಿ ಸಾಕು" ಅಂದರು.

ಹೋದದ್ದು 2024ರ ಡಿಸೆಂಬರ್ ಕೊನೆಗೆ. ಕೊಯ್ಲಿನ ಸಮಯ. ಕಣದ ತುಂಬಾ ಟಾರ್ಪಾಲು ಹೊದೆಸಿದ ಕಾಫಿ, ಅಂಚಿನಲ್ಲಿ ನಾವು. ನಾನು ಮಾಡಿದ ಮೊದಲ ಕೆಲಸವೇ ತಪ್ಪು: ದಾರಿ ಕಾಣಲಿ ಅಂತ ಮೊಬೈಲ್ ಟಾರ್ಚ್ ಹಾಕಿದೆ, ಎಲ್ಲರೂ ಒಟ್ಟಿಗೆ ಕೂಗಿದರು. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು, ಕೆಡಲು ಒಂದೇ ಕ್ಷಣ. ಅವರ ಟಾರ್ಚಿಗೆಲ್ಲ ಕೆಂಪು ಜಿಲೇಟಿನ್ ಕಾಗದ ಕಟ್ಟಿತ್ತು.

ಆ ರಾತ್ರಿ ಗುರು ಗ್ರಹ ರೋಹಿಣಿ ನಕ್ಷತ್ರದ ಪಕ್ಕದಲ್ಲೇ ಇತ್ತು. ಬೈನಾಕ್ಯುಲರನ್ನು ಕಂಬಕ್ಕೆ ಒತ್ತಿ ಹಿಡಿದರೆ ಅದರ ಚಂದ್ರರು ಚುಕ್ಕಿ ಚುಕ್ಕಿಯಾಗಿ ಸಾಲಾಗಿ ಕಂಡರು. ಕೈಯಲ್ಲಿ ಹಿಡಿದರೆ ಬರೀ ನಡುಕ. ಹತ್ತೂವರೆ ಹೊತ್ತಿಗೆ ಮೇಷ್ಟ್ರು ದಕ್ಷಿಣಕ್ಕೆ ಕೈ ತೋರಿಸಿ "ಅಗಸ್ತ್ಯ" ಅಂದರು. ರಾತ್ರಿ ಆಕಾಶದಲ್ಲಿ ಲುಬ್ಧಕ ಬಿಟ್ಟರೆ ಅಷ್ಟು ಹೊಳೆಯುವ ನಕ್ಷತ್ರ ಇನ್ನೊಂದಿಲ್ಲವಂತೆ. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗುವ ಮನೆಯವನು ನಾನು, ಅಗಸ್ತ್ಯ ಮುನಿಯ ಕಮಂಡಲದಿಂದ ಕಾವೇರಿ ಹರಿದ ಕಥೆ ಅಜ್ಜಿ ಎಷ್ಟು ಸಲ ಹೇಳಿಲ್ಲ! ಆದರೆ ಆ ಅಗಸ್ತ್ಯ ನಮ್ಮ ಕಣದ ಗೋಡೆ ಮೇಲೆ ಹೀಗೆ ನಿಂತಿರುತ್ತಾನೆ ಅಂತ ಗೊತ್ತೇ ಇರಲಿಲ್ಲ. ಉತ್ತರದ ಊರುಗಳಲ್ಲಿ ಇವನು ಕಾಣುವುದು ಬಹಳ ಕೆಳಗೆ, ಇನ್ನೂ ಉತ್ತರಕ್ಕೆ ಹೋದರೆ ಕಾಣುವುದೇ ಇಲ್ಲ. ಧ್ರುವ ನಕ್ಷತ್ರದ ಕಥೆ ಉಲ್ಟಾ, ನಮ್ಮಲ್ಲಿ ಅದು ಬರೀ ಹನ್ನೆರಡು ಡಿಗ್ರಿ ಎತ್ತರದಲ್ಲಿ, ಅಂದರೆ ಮರದ ಹಿಂದೆ. ನಾನಿನ್ನೂ ಸರಿಯಾಗಿ ನೋಡಿಲ್ಲ.

ಹನ್ನೊಂದಕ್ಕೆ ಮಂಜು ಇಳಿಯಿತು, ಲೆನ್ಸೆಲ್ಲ ಒದ್ದೆ. ಸೇರಿಕೊಂಡ ಮೇಲೆ ನನಗೆ ಕೊಟ್ಟ ಕೆಲಸವೂ ಅದೇ, ಹೇರ್ ಡ್ರೈಯರ್ ಹಿಡಿದು ಇಬ್ಬನಿ ಆರಿಸುವುದು.

ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ನಮಗೆ ರಜೆ. ಆಗ ಬೈನಾಕ್ಯುಲರ್ ಬೀರುವಿನಲ್ಲಿಟ್ಟು ಮರೆತರೆ ಲೆನ್ಸಿಗೆ ಬೂಷ್ಟು ಹಿಡಿಯುವುದು ಗ್ಯಾರಂಟಿ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಆ ಜೆಲ್ಲನ್ನೂ ಆಗಾಗ ಬಿಸಿ ಮಾಡಿ ಒಣಗಿಸಿ.